ಮನೆಯ ಗಣಕಯಂತ್ರದಲ್ಲಿ ಕನ್ನಡ ಪದಸಂಸ್ಕರಣ ತಂತ್ರಾಂಶ: ಆಯ್ಕೆ, ಅಳವಡಿಕೆ ಮತ್ತು ಬಳಕೆ
(ಹಿರಿಯಡ್ಕ ಹಾಗೂ ಸುತ್ತಮುತ್ತಲಿನ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಸರ್ಕಾರಿ ಕಛೇರಿಗಳಿಗೆ ಸಲ್ಲಿಸುವ ಮನವಿ, ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ ಹಾಗೂ ವಿವರಣಾ ಪತ್ರಗಳನ್ನು ಅನೇಕ ನಾಗರಿಕರು ಈಗ ಮನೆಯ ಗಣಕಯಂತ್ರದಲ್ಲಿಯೇ ಸಿದ್ಧಪಡಿಸುತ್ತಾರೆ. ಉಡುಪಿಯಿಂದ ಮಣಿಪಾಲ, ಪರ್ಕಳ ಮಾರ್ಗವಾಗಿ ಹೆಬ್ರಿ ಮತ್ತು ಆಗುಂಬೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ಎ ಬದಿಯಲ್ಲಿರುವ ಹಿರಿಯಡ್ಕದಂತಹ ಊರಿನಲ್ಲಿ ಇದರಿಂದ ಆಗುವ ಅನುಕೂಲ ಸಣ್ಣದಲ್ಲ. ಒಂದು ಪುಟದ ಬೆರಳಚ್ಚಿಗಾಗಿ ಉಡುಪಿ ಅಥವಾ ಕಾರ್ಕಳಕ್ಕೆ ಬಸ್ಸು ಹಿಡಿಯುವ ಅಗತ್ಯ ತಪ್ಪುತ್ತದೆ. ಮುಂಬಯಿಯಲ್ಲಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ಇರುವ ಮಕ್ಕಳು ಊರಿನಲ್ಲಿರುವ ತಂದೆ-ತಾಯಿಯರ ಪರವಾಗಿ ಪತ್ರ ಸಿದ್ಧಪಡಿಸಿ ಮಿಂಚಂಚೆಯ ಮೂಲಕ ಕಳುಹಿಸುವುದೂ ಸಾಧ್ಯವಾಗುತ್ತದೆ.

ಆದರೆ ಮನೆಯ ಗಣಕಯಂತ್ರದ ಪರದೆಯ ಮೇಲೆ ಶುದ್ಧವಾಗಿ ಕಂಡ ಕನ್ನಡವು ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣಿಸಿಕೊಳ್ಳುವುದುಂಟು. ಅರ್ಜಿದಾರರ ಹೆಸರು ಒಂದು ದಾಖಲೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಬೇರೊಂದು ರೀತಿ ದಾಖಲಾಗುವುದೂ ಉಂಟು. ಇಂತಹ ತೊಂದರೆಗಳಿಗೆ ಬಹುಪಾಲು ಸಂದರ್ಭಗಳಲ್ಲಿ ಕಾರಣವಾಗುವುದು ತಂತ್ರಾಂಶದ ತಪ್ಪು ಆಯ್ಕೆ ಅಥವಾ ಅಪೂರ್ಣ ಅಳವಡಿಕೆ. ಸರಿಯಾದ ತಂತ್ರಾಂಶವನ್ನು ಆಯ್ದುಕೊಳ್ಳುವ, ಅಳವಡಿಸುವ ಮತ್ತು ಪರೀಕ್ಷಿಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮೊದಲು ತಿಳಿಯಬೇಕಾದ ವಿಷಯ: ಯೂನಿಕೋಡ್ ಮತ್ತು ಹಳೆಯ ಅಕ್ಷರಶೈಲಿಗಳು

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ಶೇಖರಿಸುತ್ತದೆ. 1990ರ ದಶಕದಲ್ಲಿ ಮತ್ತು 2000ದ ದಶಕದ ಆರಂಭದಲ್ಲಿ ಬಳಕೆಯಲ್ಲಿದ್ದ ಬಹುತೇಕ ಕನ್ನಡ ತಂತ್ರಾಂಶಗಳು ಕನ್ನಡಕ್ಕೆಂದು ಪ್ರತ್ಯೇಕ ಸಂಖ್ಯೆಗಳನ್ನು ಬಳಸುತ್ತಿರಲಿಲ್ಲ. ಇಂಗ್ಲಿಷ್ ಹಾಗೂ ಇತರ ರೋಮನ್ ಚಿಹ್ನೆಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಉಪಯೋಗಿಸಿ, ಅವುಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳ ಚಿತ್ರವನ್ನು ಹೊದಿಸಲಾಗುತ್ತಿತ್ತು. ಆ ಚಿತ್ರಗಳಿರುವ ಅಕ್ಷರಶೈಲಿಯು ಗಣಕಯಂತ್ರದಲ್ಲಿ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಕೆಳಗೆ ಅಡಗಿರುವ ರೋಮನ್ ಚಿಹ್ನೆಗಳು ಮಾತ್ರ ಕಾಣುತ್ತವೆ.

ಯೂನಿಕೋಡ್ ಎಂಬುದು ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ನಿಗದಿಪಡಿಸಿದ ಅಂತರರಾಷ್ಟ್ರೀಯ ಶಿಷ್ಟತೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾರ್ಯಾಚರಣ ವ್ಯವಸ್ಥೆಯೊಂದಿಗೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಅಕ್ಷರಶೈಲಿಯನ್ನು ನೀಡಲಾಯಿತು. ಆದರೆ ಅದರಲ್ಲಿ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬಳಕೆದಾರರೇ ಪ್ರತ್ಯೇಕವಾಗಿ ಚಾಲನೆಗೊಳಿಸಬೇಕಾಗಿತ್ತು. ಈಗಿನ ವಿಂಡೋಸ್, ಲಿನಕ್ಸ್ ಮತ್ತು ಮೊಬೈಲ್ ದೂರವಾಣಿಗಳಲ್ಲಿ ಕನ್ನಡ ಯೂನಿಕೋಡ್ ಪಠ್ಯವು ಯಾವುದೇ ವಿಶೇಷ ಸಿದ್ಧತೆ ಇಲ್ಲದೆ ಕಾಣಿಸುತ್ತದೆ.

ಅರ್ಜಿದಾರರಿಗೆ ಈ ವ್ಯತ್ಯಾಸ ಏಕೆ ಮುಖ್ಯವೆಂದರೆ:

• ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪಠ್ಯವನ್ನು ಅಂತರ್ಜಾಲದ ಅರ್ಜಿ ನಮೂನೆಯ ಅಂಕಣಕ್ಕೆ ನಕಲಿಸಿದರೆ ಅಲ್ಲಿ ರೋಮನ್ ಚಿಹ್ನೆಗಳು ಮಾತ್ರ ದಾಖಲಾಗುತ್ತವೆ.
• ಅಂತಹ ಕಡತದಲ್ಲಿ ಹೆಸರು ಅಥವಾ ಊರನ್ನು ಕನ್ನಡದಲ್ಲಿ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಸಾಮಾನ್ಯ ತಂತ್ರಾಂಶಗಳಿಂದ ಆಗುವುದಿಲ್ಲ.
• ಕಡತವನ್ನು ಸ್ವೀಕರಿಸಿದ ಸಿಬ್ಬಂದಿಯ ಗಣಕಯಂತ್ರದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಪತ್ರವನ್ನು ಓದಲಾಗದು. ಓದಲಾಗದ ಪತ್ರವನ್ನು ಮತ್ತೆ ಕೇಳಿ ತರಿಸಿಕೊಳ್ಳುವಷ್ಟರಲ್ಲಿ ಅವಧಿ ಮೀರಿ ಹೋಗಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಮೊದಲ ಮೇಲ್ಮನವಿಗೆ ಇರುವ ಅವಧಿ 30 ದಿನಗಳು ಮಾತ್ರ ಎಂಬುದನ್ನು ಇಲ್ಲಿ ನೆನೆಯಬಹುದು.

ಆದ್ದರಿಂದ ಯಾವ ತಂತ್ರಾಂಶವನ್ನು ಆಯ್ದುಕೊಂಡರೂ ಪಠ್ಯವು ಯೂನಿಕೋಡ್‌ನಲ್ಲಿಯೇ ಇರುವಂತೆ ನೋಡಿಕೊಳ್ಳತಕ್ಕದ್ದು. ಉಳಿದ ಎಲ್ಲ ಆಯ್ಕೆಗಳೂ ಇದರ ನಂತರದವು.

3. ಎರಡು ಬೇರೆ ಬೇರೆ ತಂತ್ರಾಂಶಗಳು

ಪದಸಂಸ್ಕರಣ ತಂತ್ರಾಂಶ ಮತ್ತು ಕೀಲಿಮಣೆ ತಂತ್ರಾಂಶ ಇವೆರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು.

ಪದಸಂಸ್ಕರಣ ತಂತ್ರಾಂಶವು ಪುಟದ ಅಳತೆ, ಅಂಚು, ಸಾಲುಗಳ ಅಂತರ, ಕೋಷ್ಟಕ, ಮುದ್ರಣ ಇತ್ಯಾದಿಗಳನ್ನು ನೋಡಿಕೊಳ್ಳುತ್ತದೆ. ಕೀಲಿಮಣೆ ತಂತ್ರಾಂಶವು ಒತ್ತಿದ ಕೀಲಿಯನ್ನು ಕನ್ನಡ ಅಕ್ಷರವನ್ನಾಗಿ ಪರಿವರ್ತಿಸಿ ಕೊಡುತ್ತದೆ. ಒಂದು ಕಾಗದವಾದರೆ ಇನ್ನೊಂದು ಲೇಖನಿ. ಎರಡನ್ನೂ ಪ್ರತ್ಯೇಕವಾಗಿ ಆಯ್ದುಕೊಳ್ಳಬಹುದು. ಒಂದನ್ನು ಬದಲಿಸಿದರೆ ಇನ್ನೊಂದನ್ನು ಬದಲಿಸಬೇಕಾಗಿಲ್ಲ.

4. ಪದಸಂಸ್ಕರಣ ತಂತ್ರಾಂಶದ ಆಯ್ಕೆ

(ಅ) ಲಿಬ್ರೆಆಫೀಸ್ ರೈಟರ್: ಇದು ಮುಕ್ತ ಆಕರ ತಂತ್ರಾಂಶ. ಓಪನ್‌ಆಫೀಸ್ ಯೋಜನೆಯಿಂದ 2010ರಲ್ಲಿ ಕವಲೊಡೆದು ಬೆಳೆದ ಇದನ್ನು ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನಿರ್ವಹಿಸುತ್ತಿದೆ. ಯಾವುದೇ ಶುಲ್ಕವಿಲ್ಲ. ಒಂದೇ ಪ್ರತಿಯನ್ನು ಎಷ್ಟು ಯಂತ್ರಗಳಲ್ಲಿ ಬೇಕಾದರೂ ಕಾನೂನುಬದ್ಧವಾಗಿ ಅಳವಡಿಸಬಹುದು. ಆದೇಶ ಪಟ್ಟಿಗಳನ್ನು ಕನ್ನಡದಲ್ಲಿ ನೋಡುವ ಸೌಲಭ್ಯವೂ ಇದೆ. ಸುಮಾರು 1.5 ಗಿಗಾಬೈಟ್ ಸ್ಥಳಾವಕಾಶ ಸಾಕು. ಅಂತರ್ಜಾಲ ಸಂಪರ್ಕ ಇಲ್ಲದಿರುವಾಗಲೂ ಪೂರ್ಣವಾಗಿ ಕೆಲಸ ಮಾಡುವುದರಿಂದ ಮಳೆಗಾಲದಲ್ಲಿ ಸಂಪರ್ಕ ಕಡಿತಗೊಳ್ಳುವ ಪ್ರದೇಶಗಳಿಗೆ ಇದು ಸೂಕ್ತ.

(ಆ) ಮೈಕ್ರೋಸಾಫ್ಟ್ ವರ್ಡ್: ಬಳಕೆಯಲ್ಲಿ ಬಹಳ ವ್ಯಾಪಕವಾದುದು. ಗಣಕಯಂತ್ರದಲ್ಲಿ ಅಳವಡಿಸುವ ಆವೃತ್ತಿಗೆ ಪರವಾನಗಿ ಶುಲ್ಕವಿದೆ. ಅಂತರ್ಜಾಲದ ಮೂಲಕ ಬಳಸುವ ಸರಳ ಆವೃತ್ತಿಯು ಮೈಕ್ರೋಸಾಫ್ಟ್ ಖಾತೆ ಉಳ್ಳವರಿಗೆ ಉಚಿತ. ಗಣಕಯಂತ್ರದೊಂದಿಗೆ ಪರವಾನಗಿ ಬಂದಿದ್ದರೆ ಅದನ್ನೇ ಬಳಸಬಹುದು. ಬೇರೆ ತಂತ್ರಾಂಶ ಹುಡುಕುವ ಅಗತ್ಯವಿಲ್ಲ.

(ಇ) ಗೂಗಲ್ ಡಾಕ್ಸ್: ಏನನ್ನೂ ಅಳವಡಿಸಬೇಕಾಗಿಲ್ಲ, ಗೂಗಲ್ ಖಾತೆ ಮತ್ತು ಅಂತರ್ಜಾಲ ಸಂಪರ್ಕ ಸಾಕು. ದೂರದಲ್ಲಿರುವ ಮಗ ಅಥವಾ ಮಗಳು ಮತ್ತು ಊರಿನಲ್ಲಿರುವ ಹಿರಿಯರು ಒಂದೇ ಪತ್ರವನ್ನು ಏಕಕಾಲದಲ್ಲಿ ನೋಡಿ ತಿದ್ದಬಹುದು. ಪತ್ರವು ಹೊರಗಿನ ಸರ್ವರ್‌ನಲ್ಲಿ ಉಳಿಯುವುದರಿಂದ ಖಾತೆಯ ಗುಪ್ತಪದವನ್ನು ಎಚ್ಚರಿಕೆಯಿಂದ ಕಾಪಾಡಿಕೊಳ್ಳತಕ್ಕದ್ದು.

(ಈ) ನುಡಿ ಮತ್ತು ಬರಹ: ನುಡಿ ತಂತ್ರಾಂಶವನ್ನು ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು, ಇದು ಉಚಿತ. ಶೇಷಾದ್ರಿವಾಸು ಅವರು ರೂಪಿಸಿದ ಬರಹ ತಂತ್ರಾಂಶವು 1998ರಲ್ಲಿ ಬಿಡುಗಡೆಯಾಗಿ ಹೊರನಾಡು ಮತ್ತು ಹೊರದೇಶಗಳ ಕನ್ನಡಿಗರಲ್ಲಿ ವಿಶೇಷವಾಗಿ ಹರಡಿತು. ಮೊದಲು ಉಚಿತವಾಗಿದ್ದ ಇದರ ನಂತರದ ಆವೃತ್ತಿಗಳಿಗೆ ಶುಲ್ಕವಿದೆ. ಇವೆರಡರಲ್ಲಿಯೂ ಸ್ವಂತ ಬರವಣಿಗೆಯ ಪುಟವಿದ್ದರೂ ಇಂದು ಇವುಗಳ ಮುಖ್ಯ ಉಪಯೋಗ ಕೀಲಿಮಣೆಯಾಗಿ. ಎರಡರಲ್ಲಿಯೂ ಹಳೆಯ ಅಕ್ಷರಶೈಲಿ ಮತ್ತು ಯೂನಿಕೋಡ್ ಎಂಬ ಎರಡು ಆಯ್ಕೆಗಳು ದೊರೆಯುತ್ತವೆ. ತೊಂದರೆ ಹುಟ್ಟುವುದು ಇಲ್ಲಿಯೇ: ಆಯ್ಕೆಯನ್ನು ಬದಲಿಸದೆ ಬೆರಳಚ್ಚಿಸಿದವರ ಪತ್ರವು ಹಳೆಯ ಶೈಲಿಯಲ್ಲಿ ಉಳಿದುಬಿಡುತ್ತದೆ.

ವಿಂಡೋಸ್‌ನೊಂದಿಗೆ ಬಹುಕಾಲ ಉಚಿತವಾಗಿ ಬರುತ್ತಿದ್ದ ವರ್ಡ್‌ಪ್ಯಾಡ್ ಅನ್ನು ವಿಂಡೋಸ್ 11ರ 2024ರ ಪರಿಷ್ಕರಣೆಯಿಂದ (24ಎಚ್2) ತೆಗೆದುಹಾಕಲಾಗಿದೆ. ಅದನ್ನು ನಂಬಿಕೊಂಡಿದ್ದವರು ಮೇಲ್ಕಂಡ ಉಚಿತ ತಂತ್ರಾಂಶಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು.

5. ಕೀಲಿಮಣೆಯ ಆಯ್ಕೆ

(ಅ) ಕೆ.ಪಿ. ರಾವ್ ವಿನ್ಯಾಸ: ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪದ್ಮನಾಭ ರಾವ್ ಅವರು ರೂಪಿಸಿದ ವಿನ್ಯಾಸವಿದು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ಸಿದ್ಧಪಡಿಸಿದ ‘ಸೇಡಿಯಾಪು’ ತಂತ್ರಾಂಶವು ಕನ್ನಡದ ಆರಂಭಿಕ ಉಚಿತ ತಂತ್ರಾಂಶಗಳಲ್ಲಿ ಒಂದು. ಕರಾವಳಿಯಲ್ಲಿ ಹುಟ್ಟಿದವರು ರೂಪಿಸಿದ ಈ ವಿನ್ಯಾಸವನ್ನೇ ಕರ್ನಾಟಕ ಸರ್ಕಾರವು ಶಿಷ್ಟ ಕೀಲಿಮಣೆಯಾಗಿ ಅಂಗೀಕರಿಸಿತು. ನುಡಿ ತಂತ್ರಾಂಶದಲ್ಲಿ ಇರುವುದೂ ಇದೇ. ಇದರಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ಸಹಿತವಾದ ಅಕ್ಷರ ಮೂಡುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಕೀಲಿ ಒತ್ತಬೇಕು. ಉದಾಹರಣೆಗೆ ‘ಹಿರಿಯಡ್ಕ’ ಎಂದು ಬರೆಯಲು ಎಚ್, ಐ, ಆರ್, ಐ, ವೈ, ಡಬ್ಲ್ಯು, ಎಫ್, ಕೆ ಎಂಬ ಎಂಟು ಕೀಲಿಗಳು ಸಾಕು. ಇಲ್ಲಿ ಡಬ್ಲ್ಯು ಎಂಬುದು ‘ಡ’ ಅಕ್ಷರದ ಕೀಲಿ. ‘ಟ’ ಅಕ್ಷರಕ್ಕೆ ಕ್ಯು. ಈ ಎರಡನ್ನು ಮತ್ತು ಎಫ್ ಕೀಲಿಯನ್ನು ನೆನಪಿಟ್ಟರೆ ಉಳಿದವು ಬಹುತೇಕ ಉಚ್ಚಾರಣೆಯಂತೆಯೇ ಇರುತ್ತವೆ.

(ಆ) ಲಿಪ್ಯಂತರಣ ವಿನ್ಯಾಸ: ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿಯವರಿಗೆ ಇದು ಸುಲಭ. ಬರಹ ತಂತ್ರಾಂಶ ಈ ಕ್ರಮವನ್ನು ಜನಪ್ರಿಯಗೊಳಿಸಿತು. ಇದರಲ್ಲಿ ಅಕಾರಕ್ಕೂ ‘ಎ’ ಕೀಲಿ ಒತ್ತಬೇಕಾದುದರಿಂದ ಕೀಲಿಗಳ ಸಂಖ್ಯೆ ಹೆಚ್ಚಾಗುತ್ತದೆ. ಆದರೆ ಒತ್ತಕ್ಷರಕ್ಕೆ ಪ್ರತ್ಯೇಕ ಕೀಲಿ ಬೇಕಾಗಿಲ್ಲ. ವಿಂಡೋಸ್ 10ರ 2019ರ ಮೇ ಪರಿಷ್ಕರಣೆಯಿಂದ ಈ ಬಗೆಯ ಉಚ್ಚಾರಣಾನುಸಾರಿ ಕನ್ನಡ ಕೀಲಿಮಣೆಯನ್ನು ಕಾರ್ಯಾಚರಣ ವ್ಯವಸ್ಥೆಯೊಂದಿಗೇ ಒದಗಿಸಲಾಗುತ್ತಿದೆ.

(ಇ) ಇನ್‌ಸ್ಕ್ರಿಪ್ಟ್ ವಿನ್ಯಾಸ: ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಶಿಷ್ಟ ವಿನ್ಯಾಸ. ಸ್ವರಗಳು ಎಡಗೈಯ ಕಡೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಯ ಕಡೆ ಇರುತ್ತವೆ. ಕನ್ನಡದ ಜೊತೆಗೆ ಹಿಂದಿ ಅಥವಾ ಮಲಯಾಳಂ ಬೆರಳಚ್ಚಿಸಬೇಕಾದವರಿಗೆ ಒಮ್ಮೆ ಕಲಿತರೆ ಎಲ್ಲದಕ್ಕೂ ಒದಗುತ್ತದೆ.

ಮೂರರಲ್ಲಿ ಯಾವುದನ್ನು ಆಯ್ದುಕೊಂಡರೂ ದೊರೆಯುವ ಯೂನಿಕೋಡ್ ಪಠ್ಯ ಒಂದೇ. ಕೈಗೆ ರೂಢಿಯಾದುದನ್ನು ಬದಲಿಸುವ ಅಗತ್ಯವಿಲ್ಲ.

6. ಅಳವಡಿಸುವ ಕ್ರಮ

6.1 ಪೂರ್ವಸಿದ್ಧತೆ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆ ಯಾವುದೆಂದು ಮೊದಲು ನೋಡಿಕೊಳ್ಳತಕ್ಕದ್ದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಲಿಬ್ರೆಆಫೀಸ್ ಕೂಡ 2025ರಲ್ಲಿ ಬಂದ 25.8 ಆವೃತ್ತಿಯಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲವನ್ನು ನಿಲ್ಲಿಸಿದೆ. ಹಳೆಯ ಯಂತ್ರವನ್ನು ಬಿಸಾಡಬೇಕಾಗಿಲ್ಲ. ಅದರಲ್ಲಿ ಲಿನಕ್ಸ್ ಅಳವಡಿಸಿಕೊಂಡು ಮುಂದುವರಿಯಬಹುದು. ಲಿನಕ್ಸ್‌ನ ಅನೇಕ ವಿತರಣೆಗಳಲ್ಲಿ ಲಿಬ್ರೆಆಫೀಸ್ ಮೊದಲೇ ಇರುತ್ತದೆ. ಐಬಸ್ ಎಂಬ ಸೌಲಭ್ಯದ ಮೂಲಕ ಕೆ.ಪಿ. ರಾವ್ ವಿನ್ಯಾಸವನ್ನೂ ಸೇರಿಸಿಕೊಳ್ಳಬಹುದು; ಪಟ್ಟಿಯಲ್ಲಿ ಅದನ್ನು ‘ಕೆಜಿಪಿ’ ಎಂಬ ಹೆಸರಿನಿಂದ ಗುರುತಿಸಲಾಗಿದೆ.

6.2 ಲಿಬ್ರೆಆಫೀಸ್ ಅಳವಡಿಕೆ (ವಿಂಡೋಸ್)

1. ತಂತ್ರಾಂಶದ ಅಧಿಕೃತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳತಕ್ಕದ್ದು. ಕಡತದ ಗಾತ್ರ ಸುಮಾರು 350 ಮೆಗಾಬೈಟ್. ಹುಡುಕುತಾಣದಲ್ಲಿ ಮೇಲ್ಭಾಗದಲ್ಲಿ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತಬಾರದು.
2. ಇಳಿಸಿಕೊಂಡ ಕಡತವನ್ನು ಎರಡು ಬಾರಿ ಕ್ಲಿಕ್ ಮಾಡಿ ಅಳವಡಿಕೆಯನ್ನು ಆರಂಭಿಸುವುದು.
3. ‘ಕಸ್ಟಮ್’ ಆಯ್ಕೆಯಲ್ಲಿ ಬಳಕೆದಾರ ಭಾಷೆಗಳ ಪಟ್ಟಿಯಿಂದ ಕನ್ನಡವನ್ನು ಸೇರಿಸಿಕೊಳ್ಳಬಹುದು. ಇಂಗ್ಲಿಷ್ ಆದೇಶ ಪಟ್ಟಿಯೇ ರೂಢಿಯಲ್ಲಿದ್ದರೆ ಈ ಹಂತವನ್ನು ಬಿಡಬಹುದು.
4. ಅಳವಡಿಕೆ ಮುಗಿದ ನಂತರ ರೈಟರ್ ತೆರೆದು, ‘ಟೂಲ್ಸ್’ ಪಟ್ಟಿಯ ‘ಆಪ್ಷನ್ಸ್’ ಒಳಗಿನ ಭಾಷಾ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಚೌಕಕ್ಕೆ ಗುರುತು ಹಾಕಿ ಅದರ ಮುಂದೆ ಕನ್ನಡವನ್ನು ಆರಿಸುವುದು.

ನಾಲ್ಕನೆಯ ಹಂತವನ್ನು ಬಿಡಬಾರದು. ಈ ತಂತ್ರಾಂಶವು ಕನ್ನಡ ಪಠ್ಯದ ಅಕ್ಷರಶೈಲಿ ಮತ್ತು ಗಾತ್ರವನ್ನು ಇಂಗ್ಲಿಷ್ ಪಠ್ಯದಿಂದ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತದೆ. ಇಂಗ್ಲಿಷ್‌ಗೆ 12 ಗಾತ್ರ ಕೊಟ್ಟ ಮಾತ್ರಕ್ಕೆ ಕನ್ನಡಕ್ಕೂ ಅದೇ ಗಾತ್ರ ಬಂದಿದೆಯೆಂದು ತಿಳಿಯಬಾರದು.

6.3 ಕನ್ನಡ ಕೀಲಿಮಣೆ ಸೇರ್ಪಡೆ (ವಿಂಡೋಸ್ 10 ಮತ್ತು 11)

1. ‘ಸೆಟ್ಟಿಂಗ್ಸ್’ ತೆರೆದು ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ವಿಭಾಗಕ್ಕೆ ಹೋಗುವುದು.
2. ಭಾಷೆಯ ಪುಟದಲ್ಲಿ ‘ಆ್ಯಡ್ ಎ ಲ್ಯಾಂಗ್ವೇಜ್’ ಒತ್ತಿ ಕನ್ನಡವನ್ನು ಆರಿಸುವುದು.
3. ಕನ್ನಡದ ಆಯ್ಕೆಗಳನ್ನು ತೆರೆದು ಇನ್‌ಸ್ಕ್ರಿಪ್ಟ್ ಅಥವಾ ಉಚ್ಚಾರಣಾನುಸಾರಿ ಕೀಲಿಮಣೆಯನ್ನು ಸೇರಿಸುವುದು.
4. ಬರೆಯುವಾಗ ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಕೀಲಿಯನ್ನು ಒತ್ತಿದರೆ ಕನ್ನಡ ಮತ್ತು ಇಂಗ್ಲಿಷ್ ಪರಸ್ಪರ ಬದಲಾಗುತ್ತವೆ.

ಕೆ.ಪಿ. ರಾವ್ ವಿನ್ಯಾಸ ಬೇಕಾದವರು ನುಡಿ ತಂತ್ರಾಂಶವನ್ನು ಅಳವಡಿಸಿಕೊಂಡು ಅದರಲ್ಲಿ ಯೂನಿಕೋಡ್ ಆಯ್ಕೆಯನ್ನು ಮಾಡಿಕೊಳ್ಳತಕ್ಕದ್ದು. ಎರಡು ಕೀಲಿಮಣೆ ತಂತ್ರಾಂಶಗಳನ್ನು ಏಕಕಾಲದಲ್ಲಿ ಚಾಲನೆಯಲ್ಲಿ ಇಡಬಾರದು. ಇಟ್ಟಲ್ಲಿ ಒಂದರ ಅಕ್ಷರದೊಳಗೆ ಇನ್ನೊಂದು ಬೆರೆಯುತ್ತದೆ.

6.4 ಪರೀಕ್ಷೆ

ಅಳವಡಿಸಿದ ಕೂಡಲೇ ‘ಹಿರಿಯಡ್ಕ, ಉಡುಪಿ, ಕಾಪು, ಕಾರ್ಕಳ’ ಎಂಬ ನಾಲ್ಕು ಹೆಸರುಗಳನ್ನು ಬೆರಳಚ್ಚಿಸಿ ನೋಡುವುದು. ನಂತರ ಅದನ್ನು ನಕಲಿಸಿ ಅಂತರ್ಜಾಲ ಹುಡುಕುತಾಣದ ಅಂಕಣದಲ್ಲಿ ಅಂಟಿಸುವುದು. ಅಲ್ಲಿಯೂ ಕನ್ನಡವಾಗಿಯೇ ಕಂಡರೆ ಪಠ್ಯ ಯೂನಿಕೋಡ್‌ನಲ್ಲಿದೆ. ರೋಮನ್ ಚಿಹ್ನೆಗಳು ಕಂಡರೆ ಹಳೆಯ ಅಕ್ಷರಶೈಲಿ ಬಳಕೆಯಾಗುತ್ತಿದೆ ಎಂದರ್ಥ. ಅರ್ಧ ನಿಮಿಷದ ಈ ಪರೀಕ್ಷೆಯಿಂದ ಮುಂದಿನ ಅನೇಕ ಅಲೆದಾಟಗಳು ತಪ್ಪುತ್ತವೆ.

7. ಹೆಸರು, ಊರು ಮತ್ತು ಅಂಕಿಗಳ ಬಗ್ಗೆ ವಿಶೇಷ ಎಚ್ಚರಿಕೆ

ಓದುವವರ ಕಣ್ಣಿಗೆ ಒಂದೇ ಎನಿಸುವ ಎರಡು ಪದಗಳು ಗಣಕಯಂತ್ರಕ್ಕೆ ಬೇರೆ ಬೇರೆ ಆಗಿರುತ್ತವೆ. ‘ಹಿರಿಯಡ್ಕ’, ‘ಹಿರಿಯಡಕ’, ‘ಹಿರಿಯಡ್ಕಾ’ ಇವು ಯಂತ್ರದ ದೃಷ್ಟಿಯಲ್ಲಿ ಮೂರು ಊರುಗಳು. ‘ನಾಯಕ್’ ಮತ್ತು ‘ನಾಯ್ಕ’, ‘ಡಿಸೋಜ’ ಮತ್ತು ‘ಡಿಸೋಜಾ’ ಎಂಬಲ್ಲಿಯೂ ಇದೇ ಮಾತು. ಪಹಣಿ, ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರು ಹೇಗಿದೆ ಎಂಬುದನ್ನು ಎದುರಿಗಿಟ್ಟುಕೊಂಡು ಅಕ್ಷರಶಃ ಹಾಗೆಯೇ ಬೆರಳಚ್ಚಿಸತಕ್ಕದ್ದು. ದಾಖಲೆಗಳಲ್ಲಿಯೇ ವ್ಯತ್ಯಾಸವಿದ್ದರೆ ಅದನ್ನು ಮುಚ್ಚಿಡದೆ, ಎರಡೂ ಹೆಸರುಗಳು ಒಬ್ಬರದೇ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಅರ್ಕಾವೊತ್ತು: ‘ಕಾರ್ಕಳ’ ಎಂಬಲ್ಲಿ ಕಾಗದದ ಮೇಲೆ ಅರ್ಕಾವೊತ್ತು ‘ಕ’ ಅಕ್ಷರದ ನಂತರ ಕಾಣುತ್ತದೆ. ಆದರೆ ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲು ‘ರ’, ನಂತರ ಒತ್ತಿನ ಚಿಹ್ನೆ, ಆಮೇಲೆ ‘ಕ’ ಎಂದು ಶೇಖರವಾಗುತ್ತದೆ. ಬೆರಳಚ್ಚು ಯಂತ್ರದಲ್ಲಿ ಪಳಗಿದ ಹಿರಿಯರು ಕಂಡ ಕ್ರಮದಲ್ಲಿ ಒತ್ತುವ ರೂಢಿಯಿಂದ ಇಲ್ಲಿ ತಪ್ಪುವ ಸಂಭವವಿದೆ.

ಅಂಕಿಗಳು: ಅಂತರ್ಜಾಲದ ಅರ್ಜಿ ನಮೂನೆಗಳಲ್ಲಿ ಸರ್ವೆ ನಂಬರು, ದೂರವಾಣಿ ಸಂಖ್ಯೆ, ಆಧಾರ್ ಸಂಖ್ಯೆ, ದಿನಾಂಕಗಳನ್ನು 1, 2, 3 ಎಂಬ ಅಂಕಿಗಳಲ್ಲಿಯೇ ತುಂಬುವುದು ಕ್ಷೇಮ. ಸಂಖ್ಯೆಗಾಗಿ ಮೀಸಲಾದ ಅಂಕಣವು ೧, ೨, ೩ ಎಂಬ ಕನ್ನಡ ಅಂಕಿಗಳನ್ನು ಸ್ವೀಕರಿಸದಿರಬಹುದು. ಕಾಗದದ ಮನವಿಯಲ್ಲಿ ಈ ತೊಡಕಿಲ್ಲ.

8. ಹಳೆಯ ಕಡತಗಳ ಪರಿವರ್ತನೆ

ಮನೆಯಲ್ಲಿ ಹತ್ತು-ಹದಿನೈದು ವರ್ಷಗಳ ಹಿಂದೆ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪತ್ರ, ಪಾಲುಪಟ್ಟಿಯ ಕರಡು, ಸಂಘದ ನಡಾವಳಿಗಳು ಇದ್ದಲ್ಲಿ ಅವುಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಸದರಿ ತಂತ್ರಾಂಶಗಳಲ್ಲಿಯೇ ಪರಿವರ್ತಕಗಳು ದೊರೆಯುತ್ತವೆ. ಪರಿವರ್ತಿಸುವಾಗ ಗಮನಿಸತಕ್ಕ ಅಂಶಗಳು:

• ಮೂಲ ಕಡತದ ಒಂದು ಪ್ರತಿಯನ್ನು ಬದಲಿಸದೆ ಉಳಿಸಿಕೊಳ್ಳುವುದು.
• ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳನ್ನು ವಿಶೇಷವಾಗಿ ಪರಿಶೀಲಿಸುವುದು. ಹಳೆಯ ಶೈಲಿಯಲ್ಲಿ ಕನ್ನಡವೂ ರೋಮನ್ ಸಂಖ್ಯೆಗಳಲ್ಲಿಯೇ ಇರುವುದರಿಂದ, ಪರಿವರ್ತಕವು ನಿಜವಾದ ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ಭಾವಿಸಿ ಕೆಡಿಸಿಬಿಡಬಹುದು.
• ಒತ್ತಕ್ಷರ, ಅರ್ಕಾವೊತ್ತು ಮತ್ತು ಅಂಕಿಗಳನ್ನು ಮುದ್ರಿತ ಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡುವುದು. ಆಸ್ತಿಯ ವಿಸ್ತೀರ್ಣ, ಸರ್ವೆ ನಂಬರುಗಳಿರುವ ಪತ್ರಗಳಲ್ಲಿ ಇದನ್ನು ತಪ್ಪಿಸಬಾರದು.

9. ಪತ್ರ ಸಿದ್ಧಪಡಿಸುವಾಗ

ಪುಟದ ಅಳತೆ: ತಂತ್ರಾಂಶದಲ್ಲಿ ಅಮೆರಿಕದ ‘ಲೆಟರ್’ ಅಳತೆ ಮೊದಲೇ ಇದ್ದರೆ ಅದನ್ನು ಎ4 (210 × 297 ಮಿ.ಮೀ.) ಅಳತೆಗೆ ಬದಲಿಸತಕ್ಕದ್ದು. ಕಛೇರಿಯ ಕಡತಕ್ಕೆ ಪತ್ರವನ್ನು ಸೇರಿಸುವಾಗ ಎಡಬದಿಯಲ್ಲಿ ರಂಧ್ರ ಹಾಕಲಾಗುವುದರಿಂದ ಎಡಭಾಗದ ಅಂಚನ್ನು ಧಾರಾಳವಾಗಿ ಬಿಡುವುದು.

ಪದಗಳ ಎಣಿಕೆ: ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಅರ್ಜಿ ಶುಲ್ಕ 10 ರೂಪಾಯಿ. ಕೇಂದ್ರ ಸರ್ಕಾರದ 2012ರ ನಿಯಮಗಳಲ್ಲಿ ಈ ಮಿತಿ 500 ಪದಗಳು. ಎಲ್ಲ ಪದಸಂಸ್ಕರಣ ತಂತ್ರಾಂಶಗಳಲ್ಲಿಯೂ ಪದ ಎಣಿಸುವ ಸೌಲಭ್ಯವಿದೆ. ಅದು ಖಾಲಿ ಸ್ಥಳವನ್ನು ಆಧರಿಸಿ ಎಣಿಸುವುದರಿಂದ ‘ಮಾಡ ಲಾಗಿದೆ’ ಎಂದು ಒಂದು ಪದವನ್ನು ಒಡೆದು ಬರೆದರೆ ಎರಡಾಗಿ ಲೆಕ್ಕಕ್ಕೆ ಬರುತ್ತದೆ.

ಕಾಗುಣಿತ ಪರಿಶೀಲನೆ: ಕನ್ನಡದಲ್ಲಿ ವಿಭಕ್ತಿ, ಸಂಧಿ, ಸಮಾಸಗಳಿಂದ ಒಂದೇ ಪದಕ್ಕೆ ಅನೇಕ ರೂಪಗಳಿರುವುದರಿಂದ ತಂತ್ರಾಂಶವು ಸರಿಯಾದ ಪದಕ್ಕೂ ಕೆಂಪು ಗೆರೆ ಎಳೆಯುವುದುಂಟು. ಅದನ್ನೇ ನಂಬಿ ಪದ ಬದಲಿಸಬಾರದು. ಇನ್ನೊಬ್ಬರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳುವುದೇ ಹೆಚ್ಚು ಫಲಕಾರಿ.

ಪಿಡಿಎಫ್ ರೂಪ: ಮುದ್ರಣಕ್ಕೆ ಜೆರಾಕ್ಸ್ ಅಂಗಡಿಗೆ ಒಯ್ಯುವಾಗಲೂ, ಮಿಂಚಂಚೆಯಲ್ಲಿ ಕಳುಹಿಸುವಾಗಲೂ ಪಿಡಿಎಫ್ ಪ್ರತಿಯನ್ನೇ ಬಳಸುವುದು. ಇದರಲ್ಲಿ ಅಕ್ಷರಶೈಲಿಯೂ ಕಡತದೊಳಗೇ ಸೇರಿರುವುದರಿಂದ ಸಾಲುಗಳ ಜೋಡಣೆ ಕೆಡುವುದಿಲ್ಲ. ತಿದ್ದುಪಡಿಗಾಗಿ ಮೂಲ ಕಡತವನ್ನು ಮನೆಯಲ್ಲಿ ಉಳಿಸಿಕೊಳ್ಳತಕ್ಕದ್ದು. ಅಂತರ್ಜಾಲದಲ್ಲಿ ಲಗತ್ತಿಸುವುದಾದರೆ ಆಯಾ ಅರ್ಜಿ ಪುಟದಲ್ಲಿ ಸೂಚಿಸಿದ ಗಾತ್ರದ ಮಿತಿಯನ್ನು ಗಮನಿಸುವುದು.

10. ಸುರಕ್ಷತೆ

• ಕದ್ದ ಪ್ರತಿಗಳು: ‘ಉಚಿತವಾಗಿ ಹಾಕಿಕೊಡುತ್ತೇವೆ’ ಎಂದು ಶುಲ್ಕದ ತಂತ್ರಾಂಶದ ಅನಧಿಕೃತ ಪ್ರತಿಯನ್ನು ಅಳವಡಿಸಿಕೊಡುವುದಕ್ಕೆ ಒಪ್ಪಬಾರದು. ತಿಳಿದೂ ಅಂತಹ ಪ್ರತಿಯನ್ನು ಬಳಸುವುದು ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದಡಿ ಶಿಕ್ಷಾರ್ಹ. ಇಂತಹ ಪ್ರತಿಗಳೊಂದಿಗೆ ಕುತಂತ್ರಾಂಶಗಳು ಸೇರಿ ಬಂದು ಬ್ಯಾಂಕ್ ವಿವರಗಳು ಕಳುವಾಗುವ ಅಪಾಯವೂ ಇದೆ. ಉಚಿತವಾದ ಒಳ್ಳೆಯ ತಂತ್ರಾಂಶಗಳು ಇರುವಾಗ ಈ ಅಪಾಯಕ್ಕೆ ಕೈಹಾಕಲು ಕಾರಣವಿಲ್ಲ.
• ದೂರವಾಣಿ ಮೋಸ: ತಂತ್ರಾಂಶ ಸರಿಪಡಿಸುವುದಾಗಿ ಕರೆ ಮಾಡಿ ಗಣಕಯಂತ್ರದ ಹಿಡಿತವನ್ನು ಅಥವಾ ಒಟಿಪಿಯನ್ನು ಕೇಳುವವರಿಗೆ ಯಾವ ವಿವರವನ್ನೂ ನೀಡಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ತಿಳಿಸುವುದು.
• ಪೆನ್‌ಡ್ರೈವ್: ಹೊರಗಿನ ಯಂತ್ರಕ್ಕೆ ಹಾಕಿ ತಂದ ಪೆನ್‌ಡ್ರೈವನ್ನು ವೈರಾಣು ಪರೀಕ್ಷೆಯ ನಂತರವೇ ತೆರೆಯತಕ್ಕದ್ದು.
• ಗುಡುಗು-ಸಿಡಿಲು: ಮುಂಗಾರಿಗೆ ಮುನ್ನ ಮತ್ತು ಹಿಂಗಾರಿನ ತಿಂಗಳುಗಳಲ್ಲಿ ಈ ಭಾಗದಲ್ಲಿ ಸಿಡಿಲಿನ ಹಾವಳಿ ಇರುತ್ತದೆ. ಮೋಡ ಕವಿದು ಗುಡುಗು ಕೇಳುವ ಮೊದಲೇ ವಿದ್ಯುತ್ ತಂತಿಯನ್ನೂ ಅಂತರ್ಜಾಲ ಮೋಡೆಮ್‌ನ ತಂತಿಯನ್ನೂ ಕಿತ್ತಿಡುವುದು. ಗುಂಡಿ ಆರಿಸಿದ ಮಾತ್ರಕ್ಕೆ ಯಂತ್ರ ಸುರಕ್ಷಿತವಾಗದು.
• ಪ್ರತಿ ಉಳಿಸಿಕೊಳ್ಳುವಿಕೆ: ಮುಖ್ಯ ಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಯೂ ಇನ್ನೊಂದನ್ನು ಮಿಂಚಂಚೆಯಲ್ಲಿಯೂ ಇರಿಸಿಕೊಳ್ಳುವುದು. ಬರೆಯುವಾಗ ಹತ್ತು ನಿಮಿಷಕ್ಕೊಮ್ಮೆ ಕಡತವನ್ನು ಉಳಿಸುತ್ತಿದ್ದರೆ ವಿದ್ಯುತ್ ಕಡಿತದಿಂದ ಆಗುವ ನಷ್ಟ ಅಲ್ಪ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಣಕಯಂತ್ರವಿಲ್ಲದೆ ಮೊಬೈಲ್‌ನಲ್ಲಿಯೇ ಪತ್ರ ಸಿದ್ಧಪಡಿಸಬಹುದೇ?
ಉತ್ತರ: ಸಾಧ್ಯವಿದೆ. ಮೊಬೈಲ್‌ನ ಕನ್ನಡ ಕೀಲಿಮಣೆಗಳು ಯೂನಿಕೋಡ್ ಪಠ್ಯವನ್ನೇ ನೀಡುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಬರೆದು ಪಿಡಿಎಫ್ ಮಾಡಿಕೊಳ್ಳಬಹುದು. ಕೋಷ್ಟಕಗಳಿರುವ ಉದ್ದವಾದ ಪತ್ರಗಳಿಗೆ ಗಣಕಯಂತ್ರವೇ ಅನುಕೂಲ.

ಪ್ರಶ್ನೆ: ಪರದೆಯ ಮೇಲೆ ಅಕ್ಷರಗಳ ಬದಲು ಚಿಕ್ಕ ಚೌಕಗಳು ಕಾಣುತ್ತಿವೆ. ಏಕೆ?
ಉತ್ತರ: ಪಠ್ಯ ಸರಿಯಾಗಿಯೇ ಇರಬಹುದು, ಆರಿಸಿದ ಅಕ್ಷರಶೈಲಿಯಲ್ಲಿ ಕನ್ನಡ ಇಲ್ಲ. ಪಠ್ಯವನ್ನು ಗುರುತಿಸಿ ನಿರ್ಮಲಾ, ತುಂಗಾ ಅಥವಾ ನೋಟೊ ಸಾನ್ಸ್ ಕನ್ನಡ ಅಕ್ಷರಶೈಲಿಗೆ ಬದಲಿಸಿ ನೋಡುವುದು.

ಪ್ರಶ್ನೆ: ತುಳು ಬರೆಯಲು ಬೇರೆ ತಂತ್ರಾಂಶ ಬೇಕೇ?
ಉತ್ತರ: ಕನ್ನಡ ಲಿಪಿಯಲ್ಲಿ ತುಳು ಬರೆಯಲು ಇದೇ ತಂತ್ರಾಂಶ, ಇದೇ ಕೀಲಿಮಣೆ ಸಾಕು. ತುಳು-ತಿಗಳಾರಿ ಲಿಪಿಯು 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್‌ನ 16.0 ಆವೃತ್ತಿಗೆ ಸೇರ್ಪಡೆಯಾಗಿದೆ. ಅದನ್ನು ಕಾಣಲು ಅದಕ್ಕೆಂದೇ ಸಿದ್ಧವಾದ ಅಕ್ಷರಶೈಲಿ ಬೇಕು.

ಪ್ರಶ್ನೆ: ಬೆರಳಚ್ಚಿಸದ ಅರ್ಜಿಯನ್ನು ತಿರಸ್ಕರಿಸಬಹುದೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮದ 6(1) ಪ್ರಕರಣದಂತೆ ಅರ್ಜಿಯು ಲಿಖಿತ ರೂಪದಲ್ಲಿ ಅಥವಾ ವಿದ್ಯುನ್ಮಾನ ಸಾಧನದ ಮೂಲಕ, ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇದ್ದರೆ ಸಾಕು. ಕೈಬರಹವೂ ಲಿಖಿತವೇ. ಬರೆಯಲಾಗದವರು ಮೌಖಿಕವಾಗಿ ತಿಳಿಸಿದಲ್ಲಿ ಅದನ್ನು ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು ಅದೇ ಪ್ರಕರಣದಲ್ಲಿ ಹೇಳಲಾಗಿದೆ.

12. ಕೊನೆಯ ಸೂಚನೆ

ತಂತ್ರಾಂಶವು ಅರ್ಜಿಯನ್ನು ಅಚ್ಚುಕಟ್ಟಾಗಿಸುವ ಸಾಧನ ಮಾತ್ರ. ಅದನ್ನು ಕಲಿಯುವ ಕಾರಣಕ್ಕೆ ಅರ್ಜಿಯ ಗಡುವನ್ನು ಮೀರಿಸಬಾರದು. ಗಡುವು ಹತ್ತಿರವಿದ್ದರೆ ಕೈಯಲ್ಲಿಯೇ ಬರೆದು ಸಲ್ಲಿಸಿ ಸ್ವೀಕೃತಿ ಪಡೆಯುವುದು ಮೇಲು. ಸಮಯವಿರುವಾಗ ಒಮ್ಮೆ ಕ್ರಮವಾಗಿ ಅಳವಡಿಸಿ, 6.4ರಲ್ಲಿ ತಿಳಿಸಿದ ಪರೀಕ್ಷೆಯನ್ನು ಮಾಡಿಟ್ಟುಕೊಂಡರೆ, ಮನೆಯ ಪರದೆಯಲ್ಲಿ ಬರೆದ ಹೆಸರು ಕಛೇರಿಯ ಪರದೆಯಲ್ಲಿಯೂ ಅದೇ ಹೆಸರಾಗಿ ಕಾಣುವುದು.